ಬಾಡಿಗೆಗೆ ಕೊಟ್ಟಿದ್ದ ಮನೆಯ ಹಳೆಯ ಬೀಗ: ಬೀಗ ಉಳಿಸಿಕೊಂಡು ಅದರ ಕೈ ಮಾತ್ರ ಬದಲಾಯಿಸಬಹುದೇ?

ಒಂಟಿಕೊಪ್ಪಲು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ತಂದೆಯವರ ಕಾಲದ ಮನೆಯನ್ನು ಹನ್ನೊಂದು ವರ್ಷ ಬಾಡಿಗೆಗೆ ಕೊಟ್ಟಿದ್ದೆವು. ಈ ಅವಧಿಯಲ್ಲಿ ಮೂರು ಕುಟುಂಬಗಳು ಬಂದು ಹೋಗಿವೆ. ಕೊನೆಯ ಕುಟುಂಬದವರು ಕಳೆದ ತಿಂಗಳು ಮನೆ ಖಾಲಿ ಮಾಡಿದರು. ಮುಂಬಾಗಿಲಿಗೆಂದು ನಾವು ಅವರಿಗೆ ಕೊಟ್ಟಿದ್ದು ಎರಡು ಬೀಗದ ಕೈ, ಅವರು ಹಿಂದಿರುಗಿಸಿದ್ದು ನಾಲ್ಕು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಎರಡು ನಾಲ್ಕಾಗಿರುವಾಗ ಅದಕ್ಕೂ ಹಿಂದಿನವರ ಕಾಲದಲ್ಲಿ ಎಷ್ಟು ಆಗಿತ್ತು, ಅವು ಈಗ ಯಾರ ಬಳಿ ಇವೆ ಎಂಬುದು ಗೊತ್ತಾಗುವ ಬಗೆ ಇಲ್ಲ.

ಮುಂದಿನ ತಿಂಗಳಿನಿಂದ ನನ್ನ ತಾಯಿಯವರು ಅಲ್ಲಿ ಒಬ್ಬರೇ ಇರಲಿದ್ದಾರೆ. ಮುಂಬಾಗಿಲು ತೇಗದ್ದು, ಅದರೊಳಗೆ ಕೂರಿಸಿದ ಆರು ಲಿವರಿನ ಬೀಗವನ್ನೂ ಹಿತ್ತಾಳೆಯ ಹಿಡಿಯನ್ನೂ ತಂದೆಯವರೇ ಆರಿಸಿ ತಂದದ್ದು. ಅದನ್ನು ತೆಗೆದುಹಾಕಲು ಮನಸ್ಸಿಲ್ಲ. ಬೀಗವನ್ನು ಹಾಗೆಯೇ ಉಳಿಸಿಕೊಂಡು, ಹಳೆಯ ಕೈಗಳು ಕೆಲಸ ಮಾಡದಂತೆ ಹೊಸ ಕೈ ಮಾಡಿಸಲು ಸಾಧ್ಯವೇ? ಅಂಥ ಕೆಲಸದವರನ್ನು ಹುಡುಕುವುದು ಹೇಗೆ? ತಿಳಿದವರಿಗೆ ಅನುಕೂಲವಾಗಲೆಂದು ಕೈಯ ಚಿತ್ರವನ್ನೂ ಲಗತ್ತಿಸಿದ್ದೇನೆ.

ಸಂಘದ ಕಾರ್ಯದರ್ಶಿ, ಬೆಂಗಳೂರು:

ದಯವಿಟ್ಟು ಮೊದಲು ಆ ಚಿತ್ರವನ್ನು ತೆಗೆದುಹಾಕಿ. ಕೈಯ ಹಲ್ಲುಗಳು ಸ್ಪಷ್ಟವಾಗಿ ಕಾಣುವ ಚಿತ್ರವಿದ್ದರೆ ಮೂಲ ಕೈಯನ್ನು ಮುಟ್ಟದೆಯೇ ನಕಲು ಮಾಡಬಹುದು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಸಂಶೋಧಕರು ದೂರದಿಂದ ತೆಗೆದ ಚಿತ್ರದಿಂದಲೇ ಹಲ್ಲುಗಳ ಆಳವನ್ನು ಲೆಕ್ಕ ಹಾಕುವ ತಂತ್ರಾಂಶವನ್ನು ಮಾಡಿ ತೋರಿಸಿದ್ದರು. ತಾವು ಊರು, ಬಾಗಿಲು, ಒಬ್ಬರೇ ಇರುವ ತಾಯಿಯವರು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೀರಿ.

ಒಂಟಿಕೊಪ್ಪಲು:

ತೆಗೆದಿದ್ದೇನೆ. ಇದು ಹೊಳೆದೇ ಇರಲಿಲ್ಲ, ಧನ್ಯವಾದಗಳು.

ಅಂಗಡಿಯವ, ಹುಬ್ಬಳ್ಳಿ:

ನಾನು ಇಪ್ಪತ್ತಾರು ವರ್ಷಗಳಿಂದ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದೇನೆ. ನಮ್ಮ ಕಡೆ ಬೀಗಕ್ಕೇ ಕೀಲಿ ಎನ್ನುತ್ತೇವೆ, ನೀವು ಕೈ ಎನ್ನುವುದಕ್ಕೆ ಕೀಲಿಕೈ ಅಥವಾ ಚಾವಿ. ಮೈಸೂರಿನ ಗಿರಾಕಿಯೊಬ್ಬರು ಫೋನಿನಲ್ಲಿ ‘ಕೀಲಿ ಕಳೆದಿದೆ’ ಎಂದಾಗ ನಾನು ಹೊಸ ಬೀಗವನ್ನೇ ತೆಗೆದಿಟ್ಟು ಕಾದಿದ್ದೆ. ಆದ್ದರಿಂದ ಇಲ್ಲಿ ನಿಮ್ಮ ಮಾತನ್ನೇ ಬಳಸುತ್ತೇನೆ: ಬೀಗ, ಬೀಗದ ಕೈ.

ನಿಮ್ಮ ಪ್ರಶ್ನೆಗೆ ಉತ್ತರ, ಸಾಧ್ಯ. ಆದರೆ ಮನೆಯ ಬೀಗಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿಗಳಿದ್ದು, ಎರಡಕ್ಕೂ ಕೆಲಸದ ರೀತಿ ಬೇರೆ. ನಿಮ್ಮದು ಲಿವರ್ ಬೀಗ. ಅದರ ಪೆಟ್ಟಿಗೆಯೊಳಗೆ ಲಿವರ್ ಎಂಬ ತೆಳ್ಳನೆಯ ಲೋಹದ ತಗಡುಗಳು ಒಂದರ ಪಕ್ಕ ಒಂದು ಜೋಡಿಸಿರುತ್ತವೆ. ಪ್ರತಿಯೊಂದರ ಬೆನ್ನಿಗೂ ಒಂದು ಸ್ಪ್ರಿಂಗು, ಮಧ್ಯದಲ್ಲಿ ಒಂದು ಸೀಳು. ಕೈಯನ್ನು ತಿರುಗಿಸಿದಾಗ ಅದರ ಒಂದೊಂದು ಹಲ್ಲೂ ಒಂದೊಂದು ತಗಡನ್ನು ಎತ್ತುತ್ತದೆ. ಎಲ್ಲ ಸೀಳುಗಳೂ ಒಂದೇ ಸಾಲಿಗೆ ಬಂದರೆ ಮಾತ್ರ ಒಳಗಿನ ನಾಲಿಗೆ ಹಿಂದಕ್ಕೆ ಸರಿಯುತ್ತದೆ. ಒಂದು ತಗಡು ಕೂದಲೆಳೆಯಷ್ಟು ಹೆಚ್ಚು ಎದ್ದರೂ ಕಡಿಮೆ ಎದ್ದರೂ ಸರಿಯುವುದಿಲ್ಲ. ಆದ್ದರಿಂದ ಆ ತಗಡುಗಳ ಕ್ರಮವನ್ನು ಅದಲುಬದಲು ಮಾಡಿ, ಹೊಸ ಕ್ರಮಕ್ಕೆ ತಕ್ಕಂತೆ ಹೊಸ ಕೈ ಕತ್ತರಿಸಿದರೆ ಹಳೆಯ ಕೈಗಳೆಲ್ಲ ವ್ಯರ್ಥವಾಗುತ್ತವೆ. ಬೀಗ ಅದೇ, ಹಿಡಿ ಅದೇ, ಬಾಗಿಲಿಗೆ ಉಳಿಯ ಏಟು ಬೀಳುವುದಿಲ್ಲ.

ಎರಡನೆಯದು ಪಿನ್ನಿನ ಬೀಗ, ಅದರೊಳಗೆ ತಗಡುಗಳ ಬದಲು ಸಣ್ಣ ಪಿನ್ನುಗಳು. ಚಪ್ಪಟೆ ಕೈ, ಮೇಲಂಚಿನಲ್ಲಿ ಗರಗಸದಂಥ ಹಲ್ಲು, ಅಥವಾ ಈಗೀಗ ಮೈಮೇಲೆ ಗುಳಿಗಳಿರುವ ಕೈ. ನಿಮ್ಮ ಹಿಂಬಾಗಿಲಿನದು ಯಾವುದು ಎಂದು ನೋಡಿ ತಿಳಿಸಿ. ಚಿತ್ರ ಬೇಡ, ಮಾತಿನಲ್ಲೇ ಹೇಳಿ.

ಗಣಿತದ ಮೇಷ್ಟ್ರು:

ಆರು ತಗಡುಗಳನ್ನು 720 ರೀತಿಯಲ್ಲಿ ಜೋಡಿಸಬಹುದು. ಹಾಗಿದ್ದರೆ ಇನ್ನು ಏಳು ತಲೆಮಾರು ಬಾಡಿಗೆಗೆ ಕೊಟ್ಟರೂ ಚಿಂತೆಯಿಲ್ಲ.

ಅಂಗಡಿಯವ, ಹುಬ್ಬಳ್ಳಿ:

ಮೇಷ್ಟ್ರೇ, ಲೆಕ್ಕ ಸರಿಯಾಗಿದೆ, ಬೀಗ ಹಾಗಿಲ್ಲ. ಒಂದೇ ಕೈಯನ್ನು ಹೊರಗಿನಿಂದಲೂ ಒಳಗಿನಿಂದಲೂ ಹಾಕುವ ಬೀಗ ಇದು. ಹೊರಗಿನಿಂದ ಹಾಕಿದಾಗ ಕೈಯ ತುದಿಯ ಹಲ್ಲು ಮುಟ್ಟುವ ತಗಡನ್ನು, ಒಳಗಿನಿಂದ ಹಾಕಿದಾಗ ಬುಡದ ಹಲ್ಲು ಮುಟ್ಟುತ್ತದೆ. ಎರಡೂ ಕಡೆಯಿಂದ ತೆರೆಯಬೇಕಾದರೆ ಕೈಯ ಹಲ್ಲುಗಳು ನಡುವಿನಿಂದ ಆಚೆಗೂ ಈಚೆಗೂ ಕನ್ನಡಿಯಲ್ಲಿ ಕಂಡಂತೆ ಒಂದೇ ರೀತಿ ಇರಬೇಕು. ಅಂದರೆ ಆರು ತಗಡುಗಳಲ್ಲಿ ಇರುವುದು ಮೂರು ಜೋಡಿ. ಮೂರು ಜೋಡಿಗಳನ್ನು ಎಷ್ಟು ರೀತಿ ಜೋಡಿಸಬಹುದು ಎಂದು ತಾವೇ ಹೇಳಿ.

ಗಣಿತದ ಮೇಷ್ಟ್ರು:

ಆರು. ಈಗಿರುವುದನ್ನು ಬಿಟ್ಟರೆ ಐದು. ಎರಡು ಜೋಡಿಗಳ ಎತ್ತರ ಒಂದೇ ಆಗಿದ್ದರೆ ಕೇವಲ ಎರಡು. ಸೋತೆ ಸ್ವಾಮಿ.

ಅಂಗಡಿಯವ, ಹುಬ್ಬಳ್ಳಿ:

ಅದಕ್ಕಾಗಿಯೇ ಒಳ್ಳೆಯ ಕೆಲಸಗಾರ ಕ್ರಮವನ್ನು ಬದಲಿಸಿ ಸುಮ್ಮನಾಗುವುದಿಲ್ಲ. ಹಳೆಯ ಬೀಗಗಳಿಂದ ಬಿಚ್ಚಿಟ್ಟುಕೊಂಡ ಬೇರೆ ಎತ್ತರದ ಒಂದು ಜೋಡಿಯನ್ನಾದರೂ ಸೇರಿಸುತ್ತಾನೆ. ಅವನ ಬಳಿ ಅಂಥ ಡಬ್ಬಿ ಇದೆಯೇ ಎಂದು ಮೊದಲೇ ಕೇಳಿ. ಇದ್ದರೆ ಆತ ಬೀಗ ಬಲ್ಲವನು. ಬರಿಯ ಕೈ ಕತ್ತರಿಸುವ ಯಂತ್ರ ಮಾತ್ರ ಇದ್ದರೆ ಅವನು ನಕಲು ಮಾಡಬಲ್ಲ, ಈ ಕೆಲಸ ಅವನದಲ್ಲ.

ಸ್ಮಾರ್ಟ್ ಮನೆ:

ಇಷ್ಟೆಲ್ಲ ತೊಂದರೆ ಏಕೆ? ಹಳೆಯದನ್ನು ತೆಗೆದು ಬೆರಳಚ್ಚಿನ ಡಿಜಿಟಲ್ ಬೀಗ ಹಾಕಿಸಿ. ಕೈಯೂ ಇಲ್ಲ, ಕಳೆಯುವ ಭಯವೂ ಇಲ್ಲ.

ಮರಗೆಲಸದವ, ಪುತ್ತೂರು:

ಹಾಗೆ ಹೇಳುವುದು ಸುಲಭ, ಬಾಗಿಲು ಕೊರೆಯುವವನು ನಾನು. ಹಳೆಯ ಬೀಗದ ಪೆಟ್ಟಿಗೆಗೆಂದು ತೋಡಿದ ಗೂಡಿಗೆ ಹೊಸ ಬೀಗ ಸರಿಯಾಗಿ ಕೂರುವುದು ಅಪರೂಪ. ಹಿಡಿಯ ಅಂತರ ಬೇರೆ, ಕೈ ಹಾಕುವ ರಂಧ್ರದ ಜಾಗ ಬೇರೆ. ಹಳೆಯ ರಂಧ್ರಕ್ಕೆ ಮರದ ತುಂಡು ತುಂಬಿ, ಪಕ್ಕದಲ್ಲೇ ಮತ್ತೊಂದು ರಂಧ್ರ ಕೊರೆದರೆ ಬಾಗಿಲು ಬಲ ಕಳೆದುಕೊಳ್ಳುವುದು ಸರಿಯಾಗಿ ಬೀಗವಿರುವ ಜಾಗದಲ್ಲೇ. ಹಾರೆ ಹಾಕಿ ಮೀಟುವವನಿಗೆ ಬೇಕಾಗಿರುವುದೂ ಅದೇ. ತೇಗದ ಬಾಗಿಲು ಚೆನ್ನಾಗಿದ್ದು ಬೀಗವೂ ಸರಾಗವಾಗಿ ತಿರುಗುತ್ತಿದ್ದರೆ ನಾನು ಮುಟ್ಟುವುದಿಲ್ಲ. ಇನ್ನು ಬ್ಯಾಟರಿಯ ಬೀಗದ ಮಾತು: ಅಡುಗೆ, ಪಾತ್ರೆ, ಹೊಲಿಗೆ ಎಂದು ದುಡಿದ ಹಿರಿಯರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಗುರುತಿಸುವುದಿಲ್ಲ. ನಮ್ಮ ಅತ್ತೆಯವರು ಮೂರು ಬಾರಿ ಬೆರಳು ಒತ್ತಿ, ಕೊನೆಗೆ ಪಕ್ಕದ ಮನೆಯಲ್ಲಿ ಕಾಫಿ ಕುಡಿಯುತ್ತ ನಮಗಾಗಿ ಕಾದಿದ್ದುಂಟು.

ಒಂಟಿಕೊಪ್ಪಲು:

ಹಿಂಬಾಗಿಲನ್ನು ನೋಡಿಸಿದೆ. ಅದು ಎರಡನೆಯ ಬಾಡಿಗೆದಾರರ ಕಾಲದಲ್ಲಿ ಹಾಕಿಸಿದ ಹೊಸ ಬಾಗಿಲು. ಚಪ್ಪಟೆ ಕೈ, ಮೈಮೇಲೆ ಗುಳಿಗಳು. ಒಳಗಿನಿಂದಲೂ ಕೈ ಹಾಕಿಯೇ ತಿರುಗಿಸಬೇಕು.

ಅಂಗಡಿಯವ, ಹುಬ್ಬಳ್ಳಿ:

ಹಾಗಿದ್ದರೆ ಅದು ಪಿನ್ನಿನ ಜಾತಿಯ ಸಿಲಿಂಡರ್ ಬೀಗ. ಕೈ ಹಾಕುವ, ಪಿನ್ನುಗಳಿರುವ ಬಿಡಿ ಭಾಗವೇ ಸಿಲಿಂಡರ್. ಸಿದ್ಧಾಂತದಲ್ಲಿ ಅದರ ಒಳಗಿನ ತಿರುಗುವ ಭಾಗವನ್ನು ಹೊರತೆಗೆದು ಪಿನ್ನುಗಳನ್ನು ಬದಲಿಸಬಹುದು. ಆದರೆ ಬೇರೆ ಬೇರೆ ಉದ್ದದ ಪಿನ್ನುಗಳ ಪೆಟ್ಟಿಗೆ ಇಟ್ಟುಕೊಂಡವರು ನಮ್ಮ ಊರುಗಳಲ್ಲಿ ವಿರಳ. ಸ್ಪ್ರಿಂಗುಗಳು ಸಿಡಿದು ನೆಲದ ಪಾಲಾದರೆ ಮುಗಿಯಿತು. ಇಲ್ಲಿ ವಾಡಿಕೆಯಲ್ಲಿ ‘ಕೈ ಬದಲಾಯಿಸುವುದು’ ಎಂದರೆ ಸಿಲಿಂಡರನ್ನೇ ಬದಲಾಯಿಸುವುದು, ಅದರಲ್ಲಿ ತಪ್ಪೇನೂ ಇಲ್ಲ. ಬೀಗದ ಪೆಟ್ಟಿಗೆ, ಹಿಡಿ ಎಲ್ಲ ಹಾಗೆಯೇ ಉಳಿಯುತ್ತವೆ.

ಇದಕ್ಕೆ ಬೀಗದವರನ್ನು ಕರೆಯುವ ಅಗತ್ಯವೂ ಇಲ್ಲ. ಬಾಗಿಲಿನ ಅಂಚಿನಲ್ಲಿ, ಕೈ ಹಾಕುವ ರಂಧ್ರದ ನೇರಕ್ಕೆ ಒಂದು ಉದ್ದನೆಯ ತಿರುಪು ಇರುತ್ತದೆ. ಅದನ್ನು ಬಿಚ್ಚಿ, ಕೈಯನ್ನು ಹಾಕಿ ಸ್ವಲ್ಪವೇ ತಿರುಗಿಸಿದರೆ ಮಧ್ಯದ ಕೊಕ್ಕೆ ಒಳಗೆ ಸರಿದು ಸಿಲಿಂಡರ್ ಹೊರಬರುತ್ತದೆ. ಅಂಗಡಿಗೆ ಅದನ್ನೇ ಒಯ್ಯಿರಿ. ಅಳತೆ ಹೇಳುವುದಾದರೆ ತಿರುಪಿನ ರಂಧ್ರದ ಮಧ್ಯದಿಂದ ಎರಡೂ ತುದಿಗಳಿಗೆ ಬೇರೆ ಬೇರೆಯಾಗಿ ಅಳೆಯಬೇಕು. ಒಟ್ಟು 60 ಮಿಲಿಮೀಟರ್ ಎಂದಷ್ಟೇ ಹೇಳಿ 30ಕ್ಕೆ 30 ಬೇಕಾದಲ್ಲಿ 25ಕ್ಕೆ 35 ತಂದು ಮರಳಿದವರನ್ನು ವಾರಕ್ಕೊಬ್ಬರಂತೆ ನೋಡುತ್ತೇನೆ. ಹೊರಗಡೆ ಸಿಲಿಂಡರಿನ ಮೂತಿ ಹಿಡಿಯ ತಟ್ಟೆಗಿಂತ ಮೂರು ಮಿಲಿಮೀಟರಿಗಿಂತ ಹೆಚ್ಚು ಚಾಚಿಕೊಂಡಿರಬಾರದು, ಇಕ್ಕಳದಲ್ಲಿ ಹಿಡಿದು ಮುರಿಯಲು ಅದು ಅನುಕೂಲ. ಇನ್ನೊಂದು ಮಾತು: ಒಳಗಡೆ ಕೈಯ ಬದಲು ಬೆರಳಿನಿಂದ ತಿರುಗಿಸುವ ಗುಬ್ಬಿ (ನಾಬ್) ಇರುವ ಸಿಲಿಂಡರನ್ನೇ ಕೊಳ್ಳಿ. ಎರಡೂ ಕಡೆ ಕೈ ಇರುವುದರಲ್ಲಿ, ಒಳಗೆ ಕೈ ಸಿಕ್ಕಿಸಿಟ್ಟಿದ್ದರೆ ಬಹಳಷ್ಟು ಬಾರಿ ಹೊರಗಿನ ಕೈ ತಿರುಗುವುದಿಲ್ಲ. ರಾತ್ರಿ ತುರ್ತಾಗಿ ಹೊರಬರಬೇಕಾದಾಗ ಹಿರಿಯರು ಕೈ ಹುಡುಕುತ್ತ ನಿಲ್ಲುವುದೂ ಬೇಡ.

ಸಂಘದ ಕಾರ್ಯದರ್ಶಿ, ಬೆಂಗಳೂರು:

ಕೆಲಸದವರನ್ನು ಕರೆಸುವ ಬಗ್ಗೆ ನಮ್ಮ ವಸತಿ ಸಮುಚ್ಚಯದ ಅನುಭವವೊಂದನ್ನು ಹೇಳುತ್ತೇನೆ. ಹೊಸದಾಗಿ ಬಂದ ನಿವಾಸಿಯೊಬ್ಬರು ಫೋನಿನಲ್ಲಿ ಹುಡುಕಿ, ಮೊದಲು ಕಂಡ ಸಂಖ್ಯೆಗೆ ಕರೆ ಮಾಡಿ, ಮೂರು ಬಾಗಿಲಿಗೆ ಹೊಸ ಕೈ ಬೇಕೆಂದರು. ‘ಮುನ್ನೂರು ರೂಪಾಯಿಯಿಂದ ಶುರು’ ಎಂಬ ಉತ್ತರ ಬಂತು. ಬಂದವನು ಬೀಗವನ್ನು ಎರಡು ನಿಮಿಷ ನೋಡಿ, ‘ಇದು ಕೆಟ್ಟಿದೆ, ಡ್ರಿಲ್ ಮಾಡಬೇಕು’ ಎಂದನು. ಅವರು ತಲೆಯಾಡಿಸುವಷ್ಟರಲ್ಲಿ ಕೊರೆದೂ ಆಗಿತ್ತು. ನಂತರ ತನ್ನ ಚೀಲದಿಂದಲೇ ಹೆಸರಿಲ್ಲದ ಬೀಗ ತೆಗೆದು ಹಾಕಿ ಆರೂವರೆ ಸಾವಿರ ಕೇಳಿದನು. ಬಾಗಿಲು ತೆರೆದಿರುವಾಗ, ಕೈಯಲ್ಲಿ ಸರಿಯಾಗಿ ತಿರುಗುವ ಕೈ ಇರುವಾಗ, ಡ್ರಿಲ್ಲಿಗೆ ಏನು ಕೆಲಸ ಎಂದು ನಮಗೆ ಹೊಳೆದದ್ದು ಆತ ಹೋದ ಮೇಲೆ.

ಅಂದಿನಿಂದ ನಾವು ಅನುಸರಿಸುವ ಕ್ರಮ ಹೀಗಿದೆ. ಕರೆ ಮಾಡಿದಾಗ ಶುರುವಿನ ದರವನ್ನಲ್ಲ, ಬಂದು ಹೋಗುವ ಖರ್ಚು, ಪ್ರತಿ ಬೀಗದ ಕೂಲಿ, ಪ್ರತಿ ಕೈಯ ಬೆಲೆ ಎಲ್ಲವೂ ಸೇರಿ ಒಟ್ಟು ಎಷ್ಟು ಎಂದು ಕೇಳಿ ಸಂದೇಶದಲ್ಲಿ ಬರೆಸಿಕೊಳ್ಳುತ್ತೇವೆ. ಹಗಲು ಹೊತ್ತಿನಲ್ಲೇ ಕರೆಸುತ್ತೇವೆ, ಏಕೆಂದರೆ ಇದು ಹೊರಗೆ ಸಿಕ್ಕಿಕೊಂಡವರ ಅವಸರದ ಕೆಲಸವಲ್ಲ. ಗುರುತಿನ ಚೀಟಿಯನ್ನು ಕಾವಲುಗಾರರ ಪುಸ್ತಕದಲ್ಲಿ ಬರೆಸುತ್ತೇವೆ. ಕೆಲಸ ಮುಗಿಯುವವರೆಗೆ ಮನೆಯವರೊಬ್ಬರು ಪಕ್ಕದಲ್ಲೇ ಇರುತ್ತಾರೆ, ಬೀಗವನ್ನು ಅಂಗಡಿಗೆ ಒಯ್ಯಲು ಬಿಡುವುದಿಲ್ಲ.

ಮರಗೆಲಸದವ, ಪುತ್ತೂರು:

ಒಯ್ಯಲೇಬೇಕಾದರೆ ಮನೆಯವರೂ ಜೊತೆಗೆ ಹೋಗುವುದು ಒಳ್ಳೆಯದು. ಸಣ್ಣ ಊರಿನಲ್ಲಿ ಯಂತ್ರ ಇರುವುದು ಅಂಗಡಿಯಲ್ಲೇ.

ಆಸ್ಟಿನ್ ಕನ್ನಡಿಗ:

ನಾನು ಅಮೆರಿಕದ ಟೆಕ್ಸಸ್‌ನಲ್ಲಿದ್ದೇನೆ. ಕಾರ್ಯದರ್ಶಿಗಳು ಹೇಳಿದ ಮೋಸ ಇಲ್ಲಿಯೂ ಅಕ್ಷರಶಃ ಹಾಗೆಯೇ ಇದೆ: ಜಾಹೀರಾತಿನಲ್ಲಿ ಹತ್ತೊಂಬತ್ತು ಡಾಲರ್, ಬಾಗಿಲ ಮುಂದೆ ನೂರಾರು. ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಈ ಬಗ್ಗೆ ಗ್ರಾಹಕರಿಗೆ ಎಚ್ಚರಿಕೆಯನ್ನೇ ಪ್ರಕಟಿಸಿದೆ. ಒಂದು ವ್ಯತ್ಯಾಸವೆಂದರೆ ಟೆಕ್ಸಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಬೀಗದ ಕೆಲಸ ಮಾಡುವವರಿಗೆ ಪರವಾನಗಿ ಬೇಕು. ಅದನ್ನು ಕೇಳಿ ಪರಿಶೀಲಿಸಬಹುದು.

ನನಗೆ ಹಿಡಿಸಿದ ನಿಯಮ ಬೇರೆಯದು. ಟೆಕ್ಸಸ್‌ನ ಆಸ್ತಿ ಸಂಹಿತೆಯ ಪ್ರಕಾರ ಬಾಡಿಗೆದಾರ ಬದಲಾದಾಗ ಏಳು ದಿನಗಳೊಳಗೆ ಮಾಲೀಕನೇ ತನ್ನ ಖರ್ಚಿನಲ್ಲಿ ಹೊರಬಾಗಿಲಿನ ಬೀಗಗಳ ಕೈ ಬದಲಾಯಿಸಬೇಕು. ನಾನು ಇಲ್ಲಿ ಮೊದಲ ಮನೆ ಹಿಡಿದಾಗ ಬೀಗದವನು ಬಂದು ಅರ್ಧ ಗಂಟೆಯಲ್ಲಿ ಎರಡು ಬಾಗಿಲಿನ ಪಿನ್ನು ಬದಲಿಸಿ ಹೋದದ್ದನ್ನು ಕಂಡು, ಇದೇನು ಇಷ್ಟೊಂದು ಅನುಮಾನದ ಜನ ಎಂದುಕೊಂಡಿದ್ದೆ. ಮನೆಯ ಕೈಗಳನ್ನು ಎಣಿಸಿ ಕೊಟ್ಟು ಎಣಿಸಿ ಪಡೆಯುವುದು ನಮ್ಮ ಊರಿನ ಹನ್ನೊಂದು ತಿಂಗಳ ಕರಾರಿನಲ್ಲಿ ನಾನೆಂದೂ ಕಂಡಿರಲಿಲ್ಲ.

ಬಾಡಿಗೆ ಮನೆಯವಳು:

ಮಾಲೀಕರಷ್ಟೇ ಅಲ್ಲ, ಬಾಡಿಗೆದಾರರಿಗೂ ಇದೇ ಭಯವಿದೆ. ನನಗಿಂತ ಹಿಂದೆ ಇದ್ದವರ ಬಳಿ ಕೈ ಇರಬಹುದಲ್ಲವೇ? ನಾನು ಬೆಂಗಳೂರಿನ ಮನೆಗೆ ಬಂದ ದಿನವೇ ಮಾಲೀಕರನ್ನು ಕೇಳಿ, ಅವರ ಒಪ್ಪಿಗೆಯ ಸಂದೇಶವನ್ನು ಉಳಿಸಿಕೊಂಡು, ನನ್ನ ಖರ್ಚಿನಲ್ಲಿ ಸಿಲಿಂಡರ್ ಬದಲಿಸಿದೆ. ಹಳೆಯದನ್ನು ಎಸೆಯದೆ ಹಳೆಯ ಕೈಗಳೊಂದಿಗೆ ಕಟ್ಟಿಟ್ಟಿದ್ದೇನೆ. ಬಿಡುವಾಗ ಅದನ್ನೇ ಮತ್ತೆ ಹಾಕಿ ಹೊಸದನ್ನು ಮುಂದಿನ ಮನೆಗೆ ಒಯ್ಯುತ್ತೇನೆ. ಹೊಸ ಕೈಯೊಂದನ್ನು ಮಾಲೀಕರಿಗೆ ಕೊಡಬೇಕೇ ಎಂಬ ಬಗ್ಗೆ ಸ್ವಲ್ಪ ಮಾತಾಯಿತು. ಮುಚ್ಚಿದ ಲಕೋಟೆಯಲ್ಲಿಟ್ಟು ಅಂಟಿನ ಮೇಲೆ ಸಹಿ ಹಾಕಿ ಕೊಟ್ಟೆ.

ವಕೀಲರು, ಶಿವಮೊಗ್ಗ:

ಮಾಲೀಕರಿಗೆ ಒಂದು ಮಾತು. ಮನೆ ಖಾಲಿಯಾದ ಮೇಲೆ ಕೈ ಬದಲಿಸುವುದು ಬೇರೆ, ಬಾಡಿಗೆದಾರ ಇನ್ನೂ ವಾಸವಿರುವಾಗ ಬಾಕಿಯ ಸಿಟ್ಟಿಗೆ ಬೀಗ ಬದಲಿಸುವುದು ಬೇರೆ. ಕಾನೂನು ಕ್ರಮವಿಲ್ಲದೆ ಸ್ವಾಧೀನ ತಪ್ಪಿಸಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮೂಲ ಪ್ರಶ್ನೆ ಕೇಳಿದವರಿಗೆ ಈ ತೊಡಕಿಲ್ಲ.

ಒಂಟಿಕೊಪ್ಪಲು:

ಎಲ್ಲರ ಸಲಹೆಯ ನಂತರ ಕಳೆದ ಶನಿವಾರ ಕೆಲಸ ಮಾಡಿಸಿದೆ. ಬರೆಯುವಂಥದ್ದು ಇದೆ.

ಹುಬ್ಬಳ್ಳಿಯವರ ಮಾತಿನಂತೆ ಎರಡು ಹಾರ್ಡ್‌ವೇರ್ ಅಂಗಡಿಗಳಲ್ಲಿ ‘ಲಿವರ್ ಬಿಚ್ಚಿ ಕೆಲಸ ಮಾಡುವವರು ಯಾರು’ ಎಂದು ವಿಚಾರಿಸಿದೆ. ಎರಡೂ ಕಡೆ ಒಬ್ಬರದೇ ಹೆಸರು ಹೇಳಿದರು. ಎಪ್ಪತ್ತರ ಹತ್ತಿರದ ಹಿರಿಯರು, ಮಾರುಕಟ್ಟೆಯ ಬಳಿ ರಸ್ತೆಬದಿಯಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾರೆ. ಡಬ್ಬಿ ಇದೆಯೇ ಎಂದು ಕೇಳಿದ್ದಕ್ಕೆ ನಕ್ಕು, ಬಿಸ್ಕತ್ತಿನ ಮೂರು ಡಬ್ಬಿಗಳನ್ನು ತೆರೆದು ತೋರಿಸಿದರು. ಬೀಗದ ಕೂಲಿ, ಮೂರು ಹೊಸ ಕೈ, ಆಟೋ ಖರ್ಚು ಎಲ್ಲ ಸೇರಿ ಒಂಬೈನೂರು ರೂಪಾಯಿಗೆ ಒಪ್ಪಿದರು.

ನಮ್ಮ ಜಗಲಿಯಲ್ಲೇ ಹಳೆಯ ಪತ್ರಿಕೆ ಹಾಸಿ ಕುಳಿತರು. ಮೊದಲು ಹಿಡಿಯ ಸರಳು ಎಳೆದು, ಅಂಚಿನ ಪಟ್ಟಿಯ ತಿರುಪು ಬಿಚ್ಚಿ, ಬೀಗದ ಪೆಟ್ಟಿಗೆಯನ್ನು ಇಡಿಯಾಗಿ ಹೊರತೆಗೆದರು. ಮುಚ್ಚಳ ತೆರೆದವರು ಒಂದು ಕ್ಷಣ ಸುಮ್ಮನಾಗಿ, ‘ಆರು ಲಿವರ್ ಅಂದಿರಲ್ಲ ಸ್ವಾಮಿ, ಎಣಿಸಿ’ ಎಂದರು. ಒಳಗೆ ಇದ್ದದ್ದು ನಾಲ್ಕು. ಉಳಿದೆರಡರ ಜಾಗದಲ್ಲಿ ಬರಿಯ ವಾಷರ್. ಹಿಂದೆ ಯಾರೋ ಸರಿಯಾಗಿ ಕತ್ತರಿಸದ ನಕಲು ಕೈ ಮಾಡಿಸಿದ್ದಾರೆ, ಅದು ತಿರುಗಿಲ್ಲ, ಕೈಯನ್ನು ತಿದ್ದುವ ಬದಲು ತಡೆಯುತ್ತಿದ್ದ ತಗಡುಗಳನ್ನೇ ತೆಗೆದು ತಿರುಗುವಂತೆ ಮಾಡಿ ಕೊಟ್ಟಿದ್ದಾರೆ ಎಂಬುದು ಅವರ ಊಹೆ. ಇಷ್ಟು ವರ್ಷ ನಾವು ‘ಆರು ಲಿವರಿನ ಬೀಗ’ ಎಂದು ಹೇಳಿಕೊಂಡು ತಿರುಗಿದ್ದು ನಾಲ್ಕರದ್ದು.

ಅವರು ಡಬ್ಬಿಯಲ್ಲಿ ಹುಡುಕಿ ಆ ಬೀಗಕ್ಕೆ ಹೊಂದುವ ಒಂದು ಜೋಡಿಯನ್ನು ಸೇರಿಸಿ, ಉಳಿದ ನಾಲ್ಕರ ಸ್ಥಾನ ಬದಲಿಸಿದರು. ಇನ್ನೂ ಹಲ್ಲು ಕತ್ತರಿಸದ ಹೊಸ ಕೈಯನ್ನು ಸಣ್ಣ ಇಕ್ಕಳದಲ್ಲಿ ಕಚ್ಚಿಸಿ ಅರದಿಂದ ಉಜ್ಜುತ್ತ, ಮುಚ್ಚಳವಿಲ್ಲದ ಬೀಗದಲ್ಲೇ ತಿರುಗಿಸಿ ನೋಡುತ್ತ, ಒಂದೊಂದು ಸೀಳೂ ಸಾಲಿಗೆ ಬರುವುದನ್ನು ನನಗೂ ತೋರಿಸಿದರು. ಮೊದಲ ಕೈಗೆ ಮುಕ್ಕಾಲು ಗಂಟೆ, ಉಳಿದೆರಡಕ್ಕೆ ತಲಾ ಹತ್ತು ನಿಮಿಷ. ಬಳಿಕ ಹಳೆಯ ನಾಲ್ಕೂ ಕೈಗಳನ್ನು ಒಂದೊಂದಾಗಿ ಹಾಕಿ, ಯಾವುದೂ ತಿರುಗುವುದಿಲ್ಲ ಎಂದು ನನ್ನಿಂದಲೇ ಪರೀಕ್ಷೆ ಮಾಡಿಸಿದರು. ತಾಯಿಯವರು ಹಿಂದೆ ತೆಂಗಿನೆಣ್ಣೆ ಬಿಡುತ್ತಿದ್ದುದನ್ನು ವಾಸನೆಯಿಂದಲೇ ಕಂಡುಹಿಡಿದು, ಎಣ್ಣೆಗೆ ದೂಳು ಅಂಟಿ ಗಟ್ಟಿಯಾಗುತ್ತದೆ, ಇನ್ನು ಗ್ರಾಫೈಟ್ ಪುಡಿ ಮಾತ್ರ ಎಂದು ಹೇಳಿದರು.

ಅಂಗಡಿಯವ, ಹುಬ್ಬಳ್ಳಿ:

ವಾಷರಿನ ಕಥೆ ಹೊಸದಲ್ಲ. ನಕಲು ಕೈ ಸ್ವಲ್ಪ ತಡೆದರೆ ‘ಬೀಗ ಸವೆದಿದೆ’ ಎಂದು ತಗಡು ಕೀಳುವವರಿದ್ದಾರೆ. ಗಿರಾಕಿಗೆ ಕೈ ಸರಾಗವಾಗಿ ತಿರುಗಿದ ಸಂತೋಷ, ಕಳೆದದ್ದು ಗೊತ್ತಾಗುವುದಿಲ್ಲ. ಮುಚ್ಚಳ ತೆರೆದಾಗ ಎಣಿಸಿ ಎಂದು ನಾನು ಮೊದಲೇ ಹೇಳಬೇಕಿತ್ತು. ಹಿಂಬಾಗಿಲು ಏನಾಯಿತು?

ಒಂಟಿಕೊಪ್ಪಲು:

ಅದನ್ನು ನಾನೇ ಬದಲಿಸಿದೆ. ತಿರುಪು ಬಿಚ್ಚಿದ ಮೇಲೂ ಸಿಲಿಂಡರ್ ಹೊರಬರದೆ ಕಾಲು ಗಂಟೆ ಒದ್ದಾಡಿದೆ. ಕೈಯನ್ನು ಎಷ್ಟು ತಿರುಗಿಸಿದರೆ ಕೊಕ್ಕೆ ಸರಿಯುತ್ತದೆ ಎಂಬುದು ಕೈಗೆ ಹತ್ತಬೇಕು. ಅಳೆದಾಗ ಹೊರಕ್ಕೆ 35, ಒಳಕ್ಕೆ 30 ಇತ್ತು. ಒಳಗೆ ಗುಬ್ಬಿ ಇರುವುದು ಆ ಅಳತೆಯಲ್ಲಿ ಮೂರನೆಯ ಅಂಗಡಿಯಲ್ಲಿ ಸಿಕ್ಕಿತು.

ಒಂದು ಸಮಸ್ಯೆ ಉಳಿದಿದೆ. ತಾಯಿಯವರು ರಾತ್ರಿ ಮುಂಬಾಗಿಲಿಗೆ ಬೀಗದ ಜೊತೆಗೆ ಮೇಲಿನ ಚಿಲಕವನ್ನೂ ಹಾಕುತ್ತಾರೆ. ಎದುರು ಮನೆಯವರ ಬಳಿ ಒಂದು ಕೈ ಕೊಟ್ಟಿಟ್ಟರೂ ಚಿಲಕ ಹಾಕಿದ್ದರೆ ಅದರಿಂದ ಪ್ರಯೋಜನವಿಲ್ಲ.

ಬಾಡಿಗೆ ಮನೆಯವಳು:

ಎದುರು ಮನೆಯವರಿಗೆ ಹಿಂಬಾಗಿಲಿನ ಕೈ ಕೊಡಿ. ಅಲ್ಲಿ ಗುಬ್ಬಿಯಿಂದ ಬೀಗ ಹಾಕಿದ್ದರೂ ಹೊರಗಿನಿಂದ ತೆರೆಯುತ್ತದೆ. ಆ ಬಾಗಿಲಿಗೆ ಚಿಲಕ ಹಾಕದಿರಲು ಮಾತ್ರ ಅಮ್ಮನನ್ನು ಒಪ್ಪಿಸಬೇಕು.

ಒಂಟಿಕೊಪ್ಪಲು:

ನಿನ್ನೆ ರಾತ್ರಿ ತಾಯಿಯವರಿಗೆ ಹೇಳಿದೆ. ಮುಂಬಾಗಿಲಿನ ಚಿಲಕ ತನ್ನದು, ಹಿಂಬಾಗಿಲಿನದು ನನಗೆ ಬಿಟ್ಟದ್ದು ಎಂದರು. ಇಂದು ಬೆಳಗ್ಗೆ ಹಿಂಬಾಗಿಲಿನ ಚಿಲಕವನ್ನು ಬಿಚ್ಚಿಸಿ, ಕೈಯನ್ನು ಎದುರು ಮನೆಯ ಅತ್ತಿಗೆಯವರಿಗೆ ಕೊಟ್ಟು, ಎರಡು ಬಾರಿ ತೆರೆಸಿ ಮುಚ್ಚಿಸಿ ನೋಡಿ ಬಂದೆ.